ಕೋರಮಂಡಲ್‌ನಿಂದ ಬಂಗಾರಪೇಟೆಗೆ ಒಂದು ಪ್ಯಾಸೇಜು

ದ್ವಿತೀಯ ಪಿಯು ಇಂಗ್ಲಿಷ್ ಪತ್ರಿಕೆಯಲ್ಲಿ ಮಕ್ಕಳು ಹಿಂದೆಂದೂ ಕಂಡಿರದ ಒಂದು ಗದ್ಯಭಾಗ ಕೊಟ್ಟು ಒಂದೊಂದು ಅಂಕದ 10 ಪ್ರಶ್ನೆ ಕೇಳುವ ರೂಢಿ. ಉತ್ತರವೆಲ್ಲ ಅಲ್ಲೇ, ಕಣ್ಣೆದುರೇ ಇರುತ್ತದೆ. ಗೈಡೂ ಬೇಕಿಲ್ಲ, ಬಾಯಿಪಾಠವೂ ಬೇಕಿಲ್ಲ. ಹೊರಗಿನವರ ಕಣ್ಣಿಗೆ ಇದು ಪುಕ್ಕಟೆ ಅಂಕ. ಮೊದಲು ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ನಲ್ಲಿ, ಆಮೇಲೆ ಬಂಗಾರಪೇಟೆಯಲ್ಲಿ, ಒಟ್ಟು ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೆ ನನಗೆ ಗೊತ್ತಾಗಿದ್ದು ಬೇರೆ. ಪದ್ಯದ ಸಾರಾಂಶ ಉರು ಹೊಡೆದು ಗಟ್ಟಿಯಾದ ಮಕ್ಕಳು ಜಾರಿ ಬೀಳುವುದು ಈ ಪುಕ್ಕಟೆ ಜಾಗದಲ್ಲೇ.

ಆ ಇಪ್ಪತ್ತು ವರ್ಷದಲ್ಲಿ ನಾನು ಕಲಿತದ್ದು ಹೆಚ್ಚಾಗಿ ನನ್ನ ತಪ್ಪುಗಳಿಂದ. ಕ್ರಮವಾಗಿ ಕಲಿಯಲಿಲ್ಲ, ಬರೆಯುವ ಅನುಕೂಲಕ್ಕೆ ನಂಬರು ಹಾಕಿದ್ದೇನೆ. ಇನ್ನೊಂದು ಮಾತು. ಚಿನ್ನದ ಊರಿನ ಟೀಚರ್ ಅಂದಕೂಡಲೇ ಓದುವುದನ್ನು ಗಣಿ ಅಗೆಯುವುದಕ್ಕೆ ಹೋಲಿಸುತ್ತಾಳೆ ಎಂದು ಎಲ್ಲರೂ ಕಾಯುತ್ತಾರೆ. ನಾನು ಹೋಲಿಸುವುದಿಲ್ಲ. ಅಗೆದವರು ಈ ಮಕ್ಕಳ ತಾತಂದಿರು, ಅವರಲ್ಲಿ ಎಷ್ಟೋ ಜನರ ಎದೆಯಲ್ಲಿ ಕಲ್ಲಿನ ಧೂಳು ಉಳಿದುಹೋಯಿತು. ಅದು ನನ್ನ ಉಪಮೆಗೆ ಸಿಕ್ಕುವ ವಸ್ತುವಲ್ಲ.

1. ಚೆನ್ನಾಗಿ ಓದುವವರನ್ನು ನಂಬಬೇಡಿ

ಕೆಜಿಎಫ್‌ನ ಗಾಳಿಯಲ್ಲಿ ಇಂಗ್ಲಿಷ್ ಇದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದಾಗಿನಿಂದ ಊರಿನ ಹೆಸರುಗಳೇ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್. ಆಂಗ್ಲೋ ಇಂಡಿಯನ್ ಕುಟುಂಬಗಳು, ಕ್ಲಬ್ಬು, ಚರ್ಚು, ಕಾನ್ವೆಂಟುಗಳ ನಡುವೆ ಬೆಳೆದ ಊರು. ಶಾಲೆ ಬಿಟ್ಟ ಆಟೋ ಡ್ರೈವರ್ ಕೂಡ ನಾಲ್ಕು ಮಾತು ಇಂಗ್ಲಿಷನ್ನು ರಾಗವಾಗಿ ಆಡುತ್ತಾನೆ. ಹಾಗಾಗಿ ಮೊದಲ ಮೂರು ವರ್ಷ ನನ್ನ ತರಗತಿಯಲ್ಲಿ ಗಟ್ಟಿಯಾಗಿ ಓದುವುದೇ ಓದು. ರಾಬರ್ಟ್‌ಸನ್‌ಪೇಟೆಯ ಒಬ್ಬ ಹುಡುಗ ರೇಡಿಯೋದಲ್ಲಿ ವಾರ್ತೆ ಓದಿದಂತೆ ಓದುತ್ತಿದ್ದ. ಅಲ್ಪವಿರಾಮಕ್ಕೆ ನಿಲ್ಲುತ್ತಿದ್ದ, ಪ್ರಶ್ನಾರ್ಥಕಕ್ಕೆ ದನಿ ಏರಿಸುತ್ತಿದ್ದ. ಆಂತರಿಕ ಮೌಲ್ಯಮಾಪನದಲ್ಲಿ ಅವನಿಗೇ ಹೆಚ್ಚು ಅಂಕ.

ಒಂದು ದಿನ ಅವನು ಓದಿ ಮುಗಿಸಿದ ಮೇಲೆ, ಯಾವ ಕಾರಣವೂ ಇಲ್ಲದೆ, "ಇದರಲ್ಲಿ ಸತ್ತವರು ಯಾರಪ್ಪ?" ಎಂದು ಕೇಳಿದೆ. ಹುಡುಗ ಪುಟ ನೋಡಿದ, ನನ್ನ ಮುಖ ನೋಡಿದ, ಮತ್ತೆ ಪುಟ ನೋಡಿದ. ಸತ್ತ ಸಂಗತಿಯೇ ಅವನಿಗೆ ತಲುಪಿರಲಿಲ್ಲ.

ಬಂಗಾರಪೇಟೆಗೆ ಬಂದ ಮೇಲೆ ಇದಕ್ಕೆ ತದ್ವಿರುದ್ಧ ಕಂಡೆ. ಹೈದರಾಲಿ ಹುಟ್ಟಿದ ಬೂದಿಕೋಟೆಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗ ಐಲ್ಯಾಂಡನ್ನು 'ಇಸ್‌ಲ್ಯಾಂಡ್' ಎಂದು ಓದಿದ. ತರಗತಿ ನಕ್ಕಿತು, ಅವನು ಕೂತುಬಿಟ್ಟ. ಆಮೇಲೆ ಬರೆಯಲು ಕೊಟ್ಟ ಹತ್ತು ಪ್ರಶ್ನೆಯಲ್ಲಿ ಎಂಟನ್ನು ಸರಿಯಾಗಿ ಹಿಡಿದವನು ಅವನೊಬ್ಬನೇ. ನಾಲಿಗೆ ಬೇರೆ ದಾರಿ, ತಲೆ ಬೇರೆ ದಾರಿ. ಅಂದಿನಿಂದ ಮೊದಲ ಓದು ಮೌನದ್ದು, ಬಾಯಿ ತೆರೆಯುವುದು ಆಮೇಲೆ.

2. 'ಅರ್ಥ ಆಯ್ತಾ?' ಎಂದು ಕೇಳಬೇಡಿ

ಕನ್ನಡದಲ್ಲಿ ಕೇಳಿ, ತಮಿಳಿನಲ್ಲಿ 'ಪುರಿಂಜ್ದಾ' ಅನ್ನಿ, ತೆಲುಗಿನಲ್ಲಿ 'ಅರ್ಥಮಯ್ಯಿಂದಾ' ಅನ್ನಿ, ಐವತ್ತು ತಲೆ ಒಟ್ಟಿಗೆ ಅಲ್ಲಾಡುತ್ತವೆ. ಆ ಪ್ರಶ್ನೆಗೆ 'ಆಯ್ತು ಮಿಸ್' ಎಂಬುದು ಉತ್ತರವಲ್ಲ, ಮರ್ಯಾದೆ. ಅದರ ಬದಲು ಉತ್ತರ ಇರುವ ಪ್ರಶ್ನೆ ಕೇಳಬೇಕು. ಯಾರು? ಯಾರಿಗೆ? ಮೊದಲು ಯಾವುದಾಯ್ತು? ಯಾರಿಗೆ ಕೋಪ ಬಂತು?

3. ಉತ್ತರ ಯಾವ ಭಾಷೆಯಲ್ಲಾದರೂ ಬರಲಿ

ಇಂಗ್ಲಿಷ್ ಪೀರಿಯಡ್ಡಿನಲ್ಲಿ ಇಂಗ್ಲಿಷೇ ಮಾತಾಡಬೇಕು ಎಂಬ ನಿಯಮವನ್ನು ನಾನೂ ಹಾಕಿದ್ದೆ. ಐದು ರೂಪಾಯಿ ದಂಡದ ಡಬ್ಬಿಯೂ ಇತ್ತು. ದಂಡದ ದುಡ್ಡು ಬೀಳಲಿಲ್ಲ, ಮಾತೇ ನಿಂತುಹೋಯಿತು.

ನಮ್ಮ ಒಂದು ಬೆಂಚಿನ ಮೇಲೆ ಮನೆಯಲ್ಲಿ ತಮಿಳು ಆಡುವ ಹುಡುಗಿ, ತೆಲುಗಿನ ಹುಡುಗಿ, ಉರ್ದುವಿನ ಹುಡುಗಿ, ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದವಳು, ಹೀಗೆ ಎಲ್ಲರೂ ಇರುತ್ತಾರೆ. ಅಂಗಡಿಯಲ್ಲಿ ನಾಲ್ಕೂ ಭಾಷೆ ಬೆರೆಸಿ ವ್ಯಾಪಾರ ಮಾಡಿ ಬರುವ ಮಕ್ಕಳನ್ನು ತರಗತಿಯಲ್ಲಿ ಮೂಕರನ್ನಾಗಿ ಕೂರಿಸುವುದರಲ್ಲಿ ಏನು ಸಾಧನೆ? ಗ್ರಹಿಸುವುದು ಒಂದು ಕೆಲಸ, ಗ್ರಹಿಸಿದ್ದನ್ನು ಇಂಗ್ಲಿಷಿನಲ್ಲಿ ಬರೆಯುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಪರೀಕ್ಷಿಸಿದರೆ ತೊಡಕು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಪಿಯು ಪಠ್ಯದಲ್ಲಿ ಪಿ. ಸಾಯಿನಾಥ್ ಅವರ ಒಂದು ಬರಹ ಇತ್ತು, ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತದ್ದರ ಬಗ್ಗೆ. ಅದನ್ನು ಓದಿಸಿ, "ಸೈಕಲ್ ಬಂದಮೇಲೆ ಆ ಹೆಂಗಸರಿಗೆ ಏನು ಬದಲಾಯಿತು, ನಿಮ್ಮ ಮನೆ ಮಾತಿನಲ್ಲೇ ಹೇಳಿ" ಎಂದೆ. ಇಡೀ ವರ್ಷ ಬಾಯಿ ಬಿಡದ ಹುಡುಗಿಯೊಬ್ಬಳು ತಮಿಳಿನಲ್ಲಿ ಎಡೆಬಿಡದೆ ಹೇಳಿದಳು. ಬಸ್ಸಿಗೆ ಕಾಯಬೇಕಿಲ್ಲ, ಗಂಡನನ್ನೋ ಅಣ್ಣನನ್ನೋ ಕೇಳಬೇಕಿಲ್ಲ, ಕೊಡ, ಮಗು, ಸಾಮಾನು ಎಲ್ಲ ಒಂದೇ ಸೈಕಲ್ ಮೇಲೆ. ಪಾಠ ಬಿಟ್ಟು ಒಂದು ಮಾತೂ ಹೊರಗಿನದಲ್ಲ. ಅವಳ ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಅಲ್ಲಿಯವರೆಗೆ ನಾನು ಕೊಟ್ಟಿದ್ದ ಅಂಕ ಹತ್ತಕ್ಕೆ ಎರಡು. ಅವಳಿಗೆ ಬೇಕಾಗಿದ್ದದ್ದು ಓದುವ ಅಭ್ಯಾಸವಲ್ಲ, ಬರೆಯುವುದು. ಅದು ಬೇರೆ ಔಷಧ.

4. ಬಾಲ ಮುಚ್ಚಿ ಓದಿ

ಇದು ನಾನು ಕಂಡುಕೊಂಡದ್ದರಲ್ಲೆಲ್ಲ ಹೆಚ್ಚು ಪ್ರಯೋಜನಕ್ಕೆ ಬಂದದ್ದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಒಮ್ಮೆ ಬೋರ್ಡಿನ ಮೇಲೆ ಈ ವಾಕ್ಯ ಬರೆದೆ: 'ದಿ ಮೆನ್ ಹೂ ಕೇಮ್ ಫ್ರಮ್ ನಾರ್ತ್ ಆರ್ಕಾಟ್ ಟು ವರ್ಕ್ ಫಾರ್ ದಿ ಕಂಪನಿ ಲಿವ್ಡ್ ಇನ್ ಹಟ್ಸ್.' ಗುಡಿಸಲಿನಲ್ಲಿ ಇದ್ದವರು ಯಾರು? ಅರ್ಧ ತರಗತಿ 'ಕಂಪನಿ' ಎಂದಿತು. ತಮ್ಮ ಮುತ್ತಾತಂದಿರೇ ಬಿದಿರು ತಟ್ಟಿಯ ಗುಡಿಸಲಲ್ಲಿ ಬಾಳಿದವರು, ಕಂಪನಿಯ ಸಾಹೇಬರು ಬಂಗಲೆಯಲ್ಲಿದ್ದರು ಎಂದು ಚೆನ್ನಾಗಿ ಬಲ್ಲ ಮಕ್ಕಳು!

ದಡ್ಡತನವಲ್ಲ ಇದು. ನಮ್ಮ ಭಾಷೆಗಳು ಕಲಿಸಿದ ಶಿಸ್ತು. ಕನ್ನಡದಲ್ಲಿ ಹೇಳಿ ನೋಡಿ: 'ಕಂಪನಿ ಕೆಲಸಕ್ಕೆಂದು ಆರ್ಕಾಟಿನಿಂದ ಬಂದ ಜನ ಗುಡಿಸಲುಗಳಲ್ಲಿದ್ದರು.' ವಿವರಣೆಯೆಲ್ಲ ಮೊದಲೇ ಮುಗಿದು, ಜನ ಮತ್ತು ಗುಡಿಸಲು ಒಂದರ ಪಕ್ಕ ಒಂದು ಕೂರುತ್ತವೆ. ತಮಿಳಿನಲ್ಲೂ ತೆಲುಗಿನಲ್ಲೂ ಹಾಗೆಯೇ. ಇಂಗ್ಲಿಷು ಹೆಸರನ್ನು ಮೊದಲು ಹೇಳಿ, ಅದಕ್ಕೊಂದು ಉದ್ದ ಬಾಲ ಕಟ್ಟಿ, ಬಾಲ ಮುಗಿದ ಮೇಲೆ ಕ್ರಿಯಾಪದ ತರುತ್ತದೆ. ಅಷ್ಟರಲ್ಲಿ ಮಗು ಹೆಸರನ್ನು ಮರೆತಿರುತ್ತದೆ. ಕ್ರಿಯಾಪದದ ಪಕ್ಕದಲ್ಲಿ ಯಾವ ಹೆಸರು ಕೂತಿದೆಯೋ ಅದಕ್ಕೇ ಗಂಟು ಹಾಕುತ್ತದೆ.

ಉಪಾಯ ಸರಳ. 'ಹೂ', 'ವಿಚ್', 'ದಟ್' ಕಂಡ ಕಡೆ ಬೆರಳಿಟ್ಟು ಬಾಲ ಮುಚ್ಚುವುದು. ಉಳಿದದ್ದು ಓದುವುದು: ದಿ ಮೆನ್ ಲಿವ್ಡ್ ಇನ್ ಹಟ್ಸ್. ಆಮೇಲೆ ಬೆರಳು ತೆಗೆದು, ಯಾವ ಮೆನ್ ಎಂದು ಕೇಳಿಕೊಳ್ಳುವುದು. ಎರಡು ವಾರ ದಿನಕ್ಕೆ ಐದು ವಾಕ್ಯ ಸಾಕು. ಪರೀಕ್ಷೆಯ ಹಾಲಿನಲ್ಲಿ ನನ್ನ ಮಕ್ಕಳು ಪ್ರಶ್ನೆಪತ್ರಿಕೆಯ ಮೇಲೆ ಹೆಬ್ಬೆರಳು ಒತ್ತಿ ಕೂರುವುದನ್ನು ನೋಡಿದ ಹೊರ ಕಾಲೇಜಿನ ಮೇಲ್ವಿಚಾರಕರೊಬ್ಬರು ಬೆರಳ ಕೆಳಗೆ ಚೀಟಿ ಇದೆಯೆಂದು ತಿಳಿದು ಒಂದು ಮಗುವಿನ ಕೈ ಎತ್ತಿಸಿ ನೋಡಿದ್ದೂ ಉಂಟು.

ಇದೇ ಜಾತಿಯ ಸಣ್ಣ ಕಳ್ಳರು ಇನ್ನೂ ಕೆಲವರಿದ್ದಾರೆ. 'ಹಾರ್ಡ್ಲಿ' ಕಂಡರೆ ಕಷ್ಟಪಟ್ಟು ಎಂದುಕೊಳ್ಳುತ್ತಾರೆ. ಸೋಮಾರಿಯೊಬ್ಬ ನಮ್ಮ ತರಗತಿಯಲ್ಲಿ ಪ್ರತಿ ವರ್ಷ ಶ್ರಮಜೀವಿಯಾಗುತ್ತಾನೆ. 'ಅನ್‌ಲೆಸ್' ಅನ್ನು 'ಇಫ್' ಎಂದು ಓದಿ ವಾಕ್ಯವನ್ನು ತಲೆಕೆಳಗು ಮಾಡುತ್ತಾರೆ. 'ವಾಸ್ ರೆಫ್ಯೂಸ್ಡ್' ಇದ್ದಲ್ಲಿ ನಿರಾಕರಿಸಿಕೊಂಡವನೇ ನಿರಾಕರಿಸಿದವನಾಗುತ್ತಾನೆ. ದೊಡ್ಡ ದೊಡ್ಡ ಪದಗಳ ಅರ್ಥ ಬರೆಸುವ ಬದಲು ಇಂಥ ಹದಿನೈದು ಚಿಲ್ಲರೆ ಪದಗಳ ಮೇಲೆ ಕೂತರೆ ಲಾಭ ಹೆಚ್ಚು.

5. ಗೊತ್ತಿರುವ ಪದವೇ ಮೋಸ ಮಾಡುತ್ತದೆ

ಬೋರ್ಡಿನ ಎಡಗಡೆ ಕಷ್ಟಪದಗಳ ಪಟ್ಟಿ ಬರೆದು ಪಾಠ ಶುರುಮಾಡುವುದು ನಮ್ಮಲ್ಲಿ ಸಂಪ್ರದಾಯ. ಗೊತ್ತಿಲ್ಲದ ಪದ ಕಂಡಾಗ ಮಗು ಎಚ್ಚರವಾಗುತ್ತದೆ. ಗೊತ್ತಿರುವ ಪದ ಕಂಡಾಗ ಎಚ್ಚರ ತಪ್ಪುತ್ತದೆ.

ಕೆಜಿಎಫ್‌ನಲ್ಲಿ ಇದು ವಿಚಿತ್ರ ರೂಪ ತಾಳುತ್ತದೆ. ಇಲ್ಲಿನ ಮನೆಗಳಲ್ಲಿ ಕೇಜು ಎಂದರೆ ಜನರನ್ನು ಶಾಫ್ಟಿನೊಳಗೆ ಇಳಿಸುತ್ತಿದ್ದ ತೊಟ್ಟಿಲು. ಸ್ಕಿಪ್ಪು ಎಂದರೆ ಅದಿರು ಮೇಲೆತ್ತುವ ಡಬ್ಬ. ಲೆವೆಲ್ ಎಂದರೆ ನೆಲದಡಿಯ ಅಡ್ಡ ಸುರಂಗ. ಡಂಪು ಎಂದರೆ ಊರ ನೆತ್ತಿಯ ಮೇಲೆ ಗುಡ್ಡದಂತೆ ನಿಂತ ಸಯನೈಡ್ ಮಣ್ಣು, ಈಗ ಸಿನಿಮಾದವರ ದಯೆಯಿಂದ ಲೋಕಕ್ಕೆಲ್ಲ ಗೊತ್ತು. ತಾತನ ಬಾಯಿಂದ ಬಂದ ಈ ಪದಗಳು ಮೊಮ್ಮಕ್ಕಳ ಕಿವಿಯಲ್ಲಿ ಇನ್ನೂ ಇವೆ. 'ಶಿ ಸ್ಕಿಪ್ಡ್ ಹರ್ ಲಂಚ್' ಎಂಬ ವಾಕ್ಯಕ್ಕೆ ಆಂಡರ್ಸನ್‌ಪೇಟೆಯ ಒಬ್ಬ ಹುಡುಗಿ, ಊಟವನ್ನು ಡಬ್ಬಿಯಲ್ಲಿ ಹಾಕಿ ಮೇಲೆ ಕಳಿಸಿದಳು ಎಂದು ಬರೆದಿದ್ದಳು. ನನಗೆ ನಗು ಬಂತು, ಆಮೇಲೆ ಗೌರವ ಬಂತು. ಆ ಮಗು ಊಹಿಸಿತ್ತು, ತನ್ನ ಕೈಲಿದ್ದ ಅರ್ಥದಿಂದ. ಆ ಅರ್ಥ ಅಕ್ಕಪಕ್ಕದ ವಾಕ್ಯಕ್ಕೆ ಹೊಂದುತ್ತದೆಯೇ ಎಂದು ತಿರುಗಿ ನೋಡುವ ಒಂದೇ ಹೆಜ್ಜೆ ಬಾಕಿಯಿತ್ತು. ಪ್ಯಾಸೇಜಿನ ಮುಂದಿನ ಸಾಲಿನಲ್ಲೇ ಆ 'ಶಿ'ಗೆ ಹಸಿವಾಗಿತ್ತು.

6. ಸಾಲು ಎತ್ತುವ ರೋಗ

ಪ್ರಶ್ನೆಯಲ್ಲಿರುವ ಒಂದು ಪದವನ್ನು ಪ್ಯಾಸೇಜಿನಲ್ಲಿ ಹುಡುಕು, ಸಿಕ್ಕಿದ ಕೂಡಲೇ ಆ ಸಾಲನ್ನು ಪೂರ್ತಿ ಎತ್ತಿ ಬರೆ. ಇದನ್ನು ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ, ಆರನೇ ತರಗತಿಯಿಂದ ಅಂಕ ಬಂದು ಬಂದು ಅಂಟಿಕೊಂಡಿರುತ್ತದೆ. ಹತ್ತರಲ್ಲಿ ನಾಲ್ಕೈದು ಪ್ರಶ್ನೆಗೆ ಈ ವಿದ್ಯೆ ಸಾಕೂ ಆಗುತ್ತದೆ. ಅದೇ ತೊಂದರೆ.

ಇದನ್ನು ಮುರಿಯಲು ನಾನೇ ಪ್ಯಾಸೇಜು ಬರೆಯತೊಡಗಿದೆ, ಊರಿನ ವಿಷಯಗಳ ಮೇಲೆ. ಅದಕ್ಕೂ ಮೊದಲು ಲಂಡನ್ನಿನ ಮಂಜು, ಆಲ್ಪ್ಸ್ ಹಿಮ ಕೊಟ್ಟು, ಮಕ್ಕಳಿಗೆ ತಿಳಿಯದಿದ್ದಾಗ ಭಾಷೆ ಬರುವುದಿಲ್ಲ ಎಂದು ತೀರ್ಮಾನಿಸಿದ್ದೆ. ಈಗ ಕೊಟ್ಟದ್ದು ಕರೆಂಟಿನ ಕಥೆ. ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸುವ ಯೋಜನೆ ಹೊರಟದ್ದೇ ಗಣಿಯ ಯಂತ್ರಗಳಿಗಾಗಿ. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಅದು ಕೆಜಿಎಫ್ ತಲುಪಿತು. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಪ್ರಶ್ನೆ: ರಾಜಧಾನಿಯಂಥ ಊರಿಗಿಂತ ಮುಂಚೆ ಗಣಿಗೆ ಕರೆಂಟು ಬಂದದ್ದೇಕೆ? ಬಹುತೇಕರು ಬೆಂಗಳೂರು ಎಂಬ ಪದ ಹುಡುಕಿ, 1905ರ ಸಾಲನ್ನು ಎತ್ತಿ ಬರೆದರು. ಉತ್ತರ ಮೊದಲ ವಾಕ್ಯದಲ್ಲಿತ್ತು, ಅಲ್ಲಿ ಬೆಂಗಳೂರಿನ ಹೆಸರೇ ಇರಲಿಲ್ಲ.

ಇನ್ನೊಂದು ನ್ಯೂಟ್ರಿನೊ ಪ್ಯಾಸೇಜು. 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಜಗತ್ತಿನಲ್ಲಿ ಮೊದಲು ಸಿಕ್ಕ ಜಾಗಗಳಲ್ಲಿ ನಮ್ಮ ಗಣಿಯೂ ಒಂದು. ಆಕಾಶದಿಂದ ಬರುವ ಕಣವನ್ನು ಹಿಡಿಯಲು ಎರಡು ಕಿಲೋಮೀಟರಿಗೂ ಆಳಕ್ಕೆ ಯಾಕೆ ಇಳಿಯಬೇಕು? ಮೇಲಿನ ಬಂಡೆ ಬೇರೆ ಕಣಗಳನ್ನೆಲ್ಲ ತಡೆಯುತ್ತದೆ, ಇದೊಂದನ್ನು ತಡೆಯುವುದಿಲ್ಲ. ಇದನ್ನು ಬರೆಯಲು ಎರಡು ವಾಕ್ಯ ಕೂಡಿಸಲೇಬೇಕು, ಎತ್ತಲು ಒಂದು ಸಾಲೂ ಸಿಗುವುದಿಲ್ಲ. ವಿಜ್ಞಾನದ ಮಕ್ಕಳು ಮೊದಲ ಸಲ ನೆಟ್ಟಗೆ ಕೂತರು. ಸಿಇಟಿಗೆ ಇಂಗ್ಲಿಷ್ ಅಂಕ ಲೆಕ್ಕಕ್ಕಿಲ್ಲ ಎಂದು ನನ್ನ ಪೀರಿಯಡ್ಡಿನಲ್ಲಿ ಫಿಸಿಕ್ಸ್ ಲೆಕ್ಕ ಬಿಡಿಸುತ್ತಿದ್ದವರು ಅವರೇ.

ಆಮೇಲೆ ಪ್ರಶ್ನೆ ತಯಾರಿಸುವ ಕೆಲಸವನ್ನೇ ಮಕ್ಕಳಿಗೆ ಕೊಟ್ಟೆ. ಷರತ್ತು ಒಂದೇ: ಉತ್ತರವಿರುವ ಸಾಲಿನ ಯಾವ ಮುಖ್ಯ ಪದವೂ ಪ್ರಶ್ನೆಯಲ್ಲಿ ಬರಕೂಡದು. ಒಳ್ಳೆಯ ಪ್ರಶ್ನೆ ಹಾಕಲು ಒಂದು ಪ್ಯಾಸೇಜನ್ನು ಅವರು ನಾಲ್ಕು ಸಲ ಓದಿದರು. ನಾನು ಹೇಳಿದ್ದರೆ ಎರಡನೇ ಸಲವೂ ಓದುತ್ತಿರಲಿಲ್ಲ.

7. ಹೇಳದೆ ಹೇಳಿದ್ದು: ಪಾನಿಪುರಿ ಪಾಠ

ಇನ್‌ಫರೆನ್ಸ್ ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು, ವ್ಯಾಖ್ಯೆ ಕೊಟ್ಟು, ಉದಾಹರಣೆ ಕೊಟ್ಟು ಸೋತಿದ್ದೆ. ಕೊನೆಗೆ ಕೈ ಹಿಡಿದದ್ದು ಬಂಗಾರಪೇಟೆಯ ಪಾನಿಪುರಿ. ನಮ್ಮೂರಿನ ಪಾನಿಗೆ ಬಣ್ಣವಿಲ್ಲ, ನೋಡಲು ನಲ್ಲಿ ನೀರು. ಈಗ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಬಂಗಾರಪೇಟೆ ಚಾಟ್ಸ್ ಬೋರ್ಡು ನೋಡುತ್ತೀರಿ.

ನಾನು ಬರೆದ ಇಂಗ್ಲಿಷ್ ತುಣುಕಿನ ತಾತ್ಪರ್ಯ ಇಷ್ಟು: ಪಾನಿ ನೋಡಲು ಬರೀ ನೀರು. ಹೊಸಬರು ಮಸಾಲೆ ಹಾಕುವುದನ್ನು ಮರೆತಿರಾ ಎಂದು ಅಂಗಡಿಯವನನ್ನು ಕೇಳುತ್ತಾರೆ. ಎರಡನೇ ಸಲ ಕೇಳುವುದಿಲ್ಲ. ಪ್ರಶ್ನೆ: ಪಾನಿ ಖಾರವೋ, ಸಪ್ಪೆಯೋ?

"ಪ್ಯಾಸೇಜಲ್ಲಿ ಕೊಟ್ಟಿಲ್ಲ ಮಿಸ್" ಎಂದಿತು ಒಂದು ಗುಂಪು. "ಖಾರ ಮಿಸ್, ನಾವು ದಿನಾ ತಿಂತೀವಲ್ಲ" ಎಂದಿತು ಇನ್ನೊಂದು. ಎರಡೂ ಉತ್ತರ ತಪ್ಪು ಎಂದೆ. ಗಲಾಟೆಯಾಯಿತು. ಖಾರ ಎಂಬುದು ಸರಿಯಿದ್ದೂ ತಪ್ಪು ಹೇಗೆ? ಮಾಲೂರು ಕಡೆಯಿಂದ ಬರುತ್ತಿದ್ದ, ಯಾವಾಗಲೂ ಕೊನೆ ಬೆಂಚಿನಲ್ಲಿ ಕೂರುವ ಹುಡುಗನೊಬ್ಬ ನಿಧಾನವಾಗಿ ಎದ್ದು, "ಎರಡನೇ ಸಲ ಕೇಳಲ್ಲ ಅಂದ್ರೆ, ಮೊದಲನೇದು ತಿಂದಾಗಲೇ ಗೊತ್ತಾಯ್ತು ಅಂತ" ಎಂದ. ಪುಟದ ಮೇಲಿನ ಯಾವ ಪದಗಳು ನಿನ್ನಿಂದ ಈ ಮಾತು ಆಡಿಸಿದವು, ಬೆರಳಿಟ್ಟು ತೋರಿಸು ಎಂದೆ. ತೋರಿಸಿದ. ಅವತ್ತಿನಿಂದ ಊಹೆಯ ಪ್ರಶ್ನೆಗೆಲ್ಲ ನಮ್ಮ ತರಗತಿಯಲ್ಲಿ ಪಾನಿಪುರಿ ಪ್ರಶ್ನೆ ಎಂದೇ ಹೆಸರು. ಬೆರಳಿಡಲು ಜಾಗವಿಲ್ಲದ ಊಹೆಗೆ ಅಂಕವಿಲ್ಲ.

8. ಗಡಿಯಾರ ಬೇಡ, ಸ್ಟೇಷನ್ ಸಾಕು

ಮಾರಿಕುಪ್ಪಂನಿಂದ ಹೊರಡುವ ಟ್ರೇನು ಚಾಂಪಿಯನ್, ಊರ್ಗಾಂ, ಕೋರಮಂಡಲ್, ಬೆಮೆಲ್ ನಗರ ದಾಟಿ ಬಂಗಾರಪೇಟೆಗೆ ಬರುತ್ತದೆ. ಗಣಿ ನಿಂತ ಮೇಲೆ ಊರಿನ ಅನ್ನ ಈ ಹಳಿಯ ಮೇಲೆ ಬೆಂಗಳೂರಿಗೆ ಹೋಗಿ ಬರುತ್ತದೆ, ಅಪ್ಪ ಅಮ್ಮಂದಿರು ಕತ್ತಲಿರುವಾಗಲೇ ಹತ್ತಿರುತ್ತಾರೆ. ಅವರ ಹಿಂದಿನ ಗಾಡಿಗೆ ಬರುವ ಮಕ್ಕಳಿಗೆ ನನ್ನ ನಿಯಮ: ಕೋರಮಂಡಲ್‌ನಲ್ಲಿ ಪ್ಯಾಸೇಜು ತೆರೆ, ಬಂಗಾರಪೇಟೆ ಔಟರ್ ಬರುವಷ್ಟರಲ್ಲಿ ಮುಚ್ಚು. ಜನ, ಗದ್ದಲ, ಕಡಲೆಕಾಯಿ ಮಾರುವವನ ಕೂಗು ಎಲ್ಲ ಇರುತ್ತದೆ. ಮನೆಯ ಮೌನದಲ್ಲಿ ಓದಿ ರೂಢಿಯಾದವರಿಗಿಂತ ಈ ಮಕ್ಕಳು ಪರೀಕ್ಷೆ ಹಾಲಿನಲ್ಲಿ ಕಡಿಮೆ ಗಾಬರಿಯಾಗುತ್ತಾರೆ. ಗಾಡಿ ಔಟರ್‌ನಲ್ಲಿ ನಿಂತುಬಿಟ್ಟರೆ ಹೆಚ್ಚುವರಿ ಸಮಯ ಸಿಕ್ಕಂತೆ. ಅದು ವಾರಕ್ಕೆರಡು ಸಲ ಸಿಗುತ್ತದೆ.

9. 'ಇಟ್' ಯಾರು, 'ದೇ' ಯಾರು

ಗೆರೆ ಎಳೆದ ನಾಲ್ಕು ಸರ್ವನಾಮ ಕೊಟ್ಟು ಅವು ಯಾರನ್ನು ಸೂಚಿಸುತ್ತವೆ ಎಂದು ಕೇಳುವ ಪ್ರಶ್ನೆ ಪ್ರತ್ಯೇಕವಾಗಿಯೇ ಬರುತ್ತದೆ. ಅಭ್ಯಾಸ ಇಷ್ಟೇ: ಪೆನ್ಸಿಲಿನಲ್ಲಿ ಸರ್ವನಾಮದಿಂದ ಹೆಸರಿಗೆ ಬಾಣ ಎಳೆ. ಬಾಣ ಹಿಂದಕ್ಕೇ ಹೋಗಬೇಕೆಂದಿಲ್ಲ ಎಂಬುದನ್ನು ಮಾತ್ರ ಒಮ್ಮೆ ತೋರಿಸಿಕೊಡಬೇಕು.

10. ಊರಿನ ಪ್ಯಾಸೇಜೂ ಕೈಕೊಡುತ್ತದೆ

ಊರಿನ ವಿಷಯ ಕೊಟ್ಟರೆ ಮಕ್ಕಳು ಅರಳುತ್ತಾರೆ ಎಂದು ಇಷ್ಟು ಹೊತ್ತು ಹೇಳಿದೆ. ಅದು ಎಲ್ಲಿ ಮುಗ್ಗರಿಸುತ್ತದೆ ಎಂಬುದನ್ನೂ ಹೇಳಬೇಕು.

ಗಣಿ ಮುಚ್ಚಿದ ಬಗ್ಗೆ ಒಂದು ಪ್ಯಾಸೇಜು ಬರೆದೆ. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ. ಆಳ ಮೂರು ಕಿಲೋಮೀಟರ್ ದಾಟಿತ್ತು. ಒಂದು ಟನ್ ಅದಿರಿನಲ್ಲಿ ಸಿಗುವ ಚಿನ್ನ ಇಳಿಯುತ್ತಾ ಹೋಯಿತು, ತೆಗೆಯುವ ಖರ್ಚು ಏರುತ್ತಾ ಹೋಯಿತು, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಕೆಲಸ ನಿಲ್ಲಿಸಿತು. ಪ್ರಶ್ನೆ: ಪ್ಯಾಸೇಜಿನ ಪ್ರಕಾರ ಗಣಿ ಮುಚ್ಚಲು ಕಾರಣವೇನು?

ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳು ಅವರೆಲ್ಲ. ಆದರೂ ಉತ್ತರಪತ್ರಿಕೆಯ ತುಂಬ ಮನೆಯ ಮಾತು. ದಿಲ್ಲಿಯವರು ಮುಚ್ಚಿಸಿದರು, ಚಿನ್ನ ಇನ್ನೂ ಇದೆ, ತಾತನಿಗೆ ಬರಬೇಕಾದ ದುಡ್ಡು ಬರಲೇ ಇಲ್ಲ. ಪ್ಯಾಸೇಜನ್ನು ಅವರು ಓದಿಯೇ ಇರಲಿಲ್ಲ, ವಿಷಯ ನೋಡಿ ನೆನಪು ಬರೆದಿದ್ದರು. ಅಪರಿಚಿತ ವಿಷಯವಾಗಿದ್ದರೆ ಪುಟಕ್ಕೆ ಕಣ್ಣು ನೆಡುತ್ತಿದ್ದರು. 'ಪ್ಯಾಸೇಜಿನ ಪ್ರಕಾರ' ಎಂಬ ಎರಡು ಪದಕ್ಕೆ ಗೆರೆ ಎಳೆಸಿ, ನಿಮಗೆ ಗೊತ್ತಿರುವುದನ್ನು ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟು ಬನ್ನಿ ಎಂದೆ. ಎಲ್ಲರೂ ತಿದ್ದಿದರು. ಒಬ್ಬ ಹುಡುಗ ಮಾತ್ರ ಎರಡು ಸಾಲು ಬರೆದು ತಂದ. ಮೊದಲನೆಯದು ಖರ್ಚು ಹೆಚ್ಚಾದದ್ದರಿಂದ ಎಂದು. ಎರಡನೆಯದು: 'ಬಟ್ ಮೈ ಗ್ರ್ಯಾಂಡ್‌ಫಾದರ್ ಸೇಸ್ ನೋ.'

"ಮಿಸ್, ಪ್ಯಾಸೇಜೇ ಪೂರ್ತಿ ಹೇಳಿಲ್ಲ ಅಂದ್ರೆ ಏನ್ಮಾಡೋದು?" ಎಂದು ಕೇಳಿದ. ಪರೀಕ್ಷೆಯಲ್ಲಿ ಅದಕ್ಕೆ ಅಂಕವಿಲ್ಲ ಎಂದೆ. ಅದು ನಿಜ. ಆದರೆ ಆ ಪ್ಯಾಸೇಜು ಬರೆದವಳು ನಾನೇ.

ಮುಂದಿನ ವಾರ ಎರಡು ಪ್ಯಾಸೇಜು ಬರೆದುಕೊಂಡು ಹೋದೆ. ಒಂದು ಲೆಕ್ಕಪತ್ರದ ಕಣ್ಣಿನಿಂದ, ಇನ್ನೊಂದು ಅಂದು ಕೊನೆಯ ಶಿಫ್ಟು ಮುಗಿಸಿ ಮೇಲೆ ಬಂದ ಕೆಲಸಗಾರನ ಕಣ್ಣಿನಿಂದ. ಎರಡೂ ಒಪ್ಪುವ ಸಂಗತಿ ಯಾವುದು, ಜಗಳ ಇರುವುದು ಯಾವ ಸಾಲಿನಲ್ಲಿ, ಬೆರಳಿಟ್ಟು ತೋರಿಸಿ ಎಂದೆ. ಯಾವ ಪ್ರಶ್ನೆಪತ್ರಿಕೆಯಲ್ಲೂ ಬರದ ಈ ಪ್ರಶ್ನೆಗೆ ಇಡೀ ಪೀರಿಯಡ್ಡು ಹೋಯಿತು. ಅರ್ಧ ತರಗತಿ ಇನ್ನೂ ಮೊದಲ ಪ್ಯಾಸೇಜಿನ ಮೇಲೆ ಬೆರಳಾಡಿಸುತ್ತಿದ್ದಾಗ ಬೆಲ್ಲು ಹೊಡೆಯಿತು. ಮಾರಿಕುಪ್ಪಂ ಗಾಡಿಗೆ ಹೊತ್ತಾಯಿತೆಂದು ಅವರು ಎದ್ದರು, ಹಾಳೆಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು.